ಪಂಕ್ತಿಯಲ್ಲಿ ಕುಳಿತ ಕಳ್ಳ

ಟಾರ್ಚಿನ ಗಾಜಿಗೆ ಕರವಸ್ತ್ರವನ್ನು ಎರಡು ಮಡಿಕೆ ಸುತ್ತಿದರೆ ಹಾಳೆಯ ಮೇಲೆ ಮೂರು ಸಾಲು ಮಾತ್ರ ಕಾಣುತ್ತವೆ. ಒಂದೇ ಮಡಿಕೆಯಾದರೆ ಬೆಳಕು ಚೆಲ್ಲಿ ಮುಂದೆ ಕುಳಿತವರು ತಿರುಗಿ ನೋಡುತ್ತಾರೆ. ಮೂರಾದರೆ ಅಕ್ಷರವೇ ಕಾಣುವುದಿಲ್ಲ. ತುಮಕೂರಿನ ಒಂದು ಚಿತ್ರಮಂದಿರದಲ್ಲಿ, ಮ್ಯಾಟಿನಿಗೆ ಜನ ಸೇರುವ ಮೊದಲು, ನಾನು ಹೀಗೆ ಮೂರು ಮೂರು ಸಾಲು ಓದುತ್ತ ನಾಲ್ವರು ಕಳ್ಳರ ಮಾತನ್ನು ಒಬ್ಬಳೇ ಆಡುತ್ತಿದ್ದೆ.

ಚಿತ್ರಕ್ಕೆ ಇನ್ನೂ ಧ್ವನಿ ಕೂಡಿಸಿರಲಿಲ್ಲ. ಮಾತನ್ನೆಲ್ಲ ಕೊನೆಗೆ ಡಬ್ಬಿಂಗ್ ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ ಅರ್ಧ ತಯಾರಾದ ಚಿತ್ರವನ್ನು ಯಾರಿಗಾದರೂ ತೋರಿಸಬೇಕಾದರೆ, ಪರದೆಯ ಮೇಲೆ ತುಟಿಗಳು ಅಲುಗುವಾಗ ಕೆಳಗೆ ಒಬ್ಬರು ಕುಳಿತು ಸಂಭಾಷಣೆ ಓದಬೇಕಿತ್ತು. ನಿರ್ದೇಶಕರ ಕಂಠ ಚೆನ್ನಾಗಿತ್ತು, ಆದರೆ ಅವರು ಓದುವುದನ್ನು ನಡುವೆ ನಿಲ್ಲಿಸಿ ವಿವರಣೆಗೆ ತೊಡಗುತ್ತಿದ್ದರು. ಆ ಕೆಲಸ ನನಗೆ ಬಂತು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನ್ನನ್ನು ಅವರು ಶಾಟುಗಳ ವಿವರ ಬರೆದಿಡಲು ಸೇರಿಸಿಕೊಂಡಿದ್ದರು. ಯಾವ ಶಾಟಿನಲ್ಲಿ ಯಾರ ಕೈಯಲ್ಲಿ ಏನಿತ್ತು, ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಕ್ಯಾಮೆರಾ ಬಾಗಿಲಿನ ಯಾವ ಪಕ್ಕ ನಿಂತಿತ್ತು, ಇಂಥವು. ಗಂಡಸರ ದನಿ ತೆಗೆಯಲು ನಾನು ಪ್ರಯತ್ನಿಸಲಿಲ್ಲ. ಹೆಸರು ಹೇಳುವುದು, ಮಾತು ಹೇಳುವುದು, ಮುಂದಿನದಕ್ಕೆ ಹೋಗುವುದು, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅದು ಕಪ್ಪು-ಬಿಳುಪಿನ ಸಣ್ಣ ಚಿತ್ರ. ಹಣ ಹಾಕಿದ್ದವರು ಗುಬ್ಬಿಯ ಕೊಬ್ಬರಿ ಮಂಡಿಯ ಯಜಮಾನರು. ನಿರ್ದೇಶಕರು ಕುಣಿಗಲ್ ಕಡೆಯವರು, ವೃತ್ತಿ ನಾಟಕಗಳಲ್ಲಿ ಇಪ್ಪತ್ತು ವರ್ಷ ದುಡಿದವರು, ಅವರಿಗಿದು ಮೊದಲ ಚಿತ್ರ. ಆವತ್ತು ಅವರಿಬ್ಬರ ಜೊತೆಗೆ ಗಾಂಧಿನಗರದಿಂದ ಒಬ್ಬ ಹಂಚಿಕೆದಾರರು ಬಂದಿದ್ದರು. ಅವರು ಒಪ್ಪಿ ಮುಂಗಡ ಕೊಟ್ಟರೆ ಉಳಿದರ್ಧದ ಚಿತ್ರೀಕರಣ.

ಕಥೆ ಹೀಗಿತ್ತು. ಒಂದು ತಾಲ್ಲೂಕು ಪಟ್ಟಣದ ಬ್ಯಾಂಕು. ಅದರ ಭದ್ರಕೋಣೆಗೆ ಎರಡು ಬೀಗದ ಕೈ, ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಳ್ಳರು ಎರಡಕ್ಕೂ ನಕಲು ಮಾಡಿಸಿದ್ದಾರೆ. ರಜೆಯ ದಿನ ಹೆಂಚು ಸರಿಮಾಡುವ ಕೆಲಸದವರಂತೆ ಮಾಡು ಹತ್ತುತ್ತಾರೆ. ಒಂದು ಬೀಗದ ಕೈ ಹಿಡಿದವನು ಮೊದಲು ಒಳಗಿಳಿದು ಕಾಯುತ್ತಾನೆ. ಇನ್ನೊಂದು ಕೈ ನಾಯಕನ ಸೊಂಟದಲ್ಲಿ. ಅವನು ಬೀದಿ ಖಾಲಿಯಾದ ಮೇಲೆ ಬರುತ್ತಾನೆ. ಬಾಗಿಲು ತೆರೆದು, ತುಂಬಿಕೊಂಡು, ಕುಣಿಗಲ್ ಕೆರೆ ಏರಿಯ ಮೇಲೆ ಕಾರಿನಲ್ಲಿ ಪರಾರಿ.

ಇದನ್ನೆಲ್ಲ ನಾಯಕ ಮೊದಲು ಒಂದು ಮೇಜಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತನ್ನವರಿಗೆ ವಿವರಿಸುತ್ತಾನೆ. ಒಂದು ಪೂರ್ತಿ ರೀಲು ಅದೇ. ಮುಂದಿನ ರೀಲಿನಲ್ಲಿ ಅವನು ಹೇಳಿದ್ದೆಲ್ಲ ಹೇಳಿದಂತೆಯೇ ನಡೆಯುತ್ತದೆ.

ಕಳ್ಳತನದ ಆ ರೀಲು ಶುರುವಾದಾಗ ಹಂಚಿಕೆದಾರರು ಎದ್ದು ಹೊರಗೆ ಹೋದರು. ಕಳ್ಳರು ಬಾಗಿಲು ತೆರೆದು ಚೀಲ ತುಂಬುವ ಹೊತ್ತಿಗೆ ಹಿಂತಿರುಗಿ ಬಂದು ಕುಳಿತರು. ದೀಪ ಹಾಕಿದ ಮೇಲೆ ನಿರ್ದೇಶಕರು, ಮುಖ್ಯವಾದ ಭಾಗವೇ ತಪ್ಪಿಹೋಯಿತಲ್ಲ ಸ್ವಾಮಿ, ಮತ್ತೊಮ್ಮೆ ಹಾಕಿಸಲೇ ಎಂದು ಕೇಳಿದರು.

"ಬ್ಯಾಡ ಬಿಡಿ. ಹೊರಗೋಗಿ ಟೀ ಕುಡ್ಕೊಂಡು ಬಂದೆ, ಏನೂ ತಪ್ಪೋಗಿಲ್ಲ. ಎಲ್ಲ ಮೊದ್ಲೇ ಹೇಳ್ಬಿಟ್ಟವ್ನಲ್ಲ ನಿಮ್ ಹೀರೋ."

ಅವರು ಅದನ್ನು ಚುಚ್ಚಿ ಹೇಳಲಿಲ್ಲ, ಮಾಮೂಲಾಗಿ ಹೇಳಿದರು. ಕೆರೆ ಏರಿಯ ಕಾರಿನ ಓಟ ಮಾತ್ರ ಚೆನ್ನಾಗಿದೆ, ಅಮಾವಾಸ್ಯೆ ಕಳೆದ ಮೇಲೆ ಈ ಕಡೆ ಇನ್ನೊಂದು ಕೆಲಸವಿದೆ, ಆಗ ಏನಾದರೂ ಮಾಡಿದ್ದರೆ ನೋಡುತ್ತೇನೆ ಎಂದು ಹೊರಟರು. ಯಜಮಾನರು ಅವರನ್ನು ಕಾರಿನವರೆಗೆ ಕಳಿಸಿ ಬಂದು, ನಿಂತುಕೊಂಡೇ ತಮ್ಮ ಮಾತು ಹೇಳಿದರು. ಆ ಹೊತ್ತಿಗೂ ಅವರು ಒಪ್ಪದಿದ್ದರೆ ಚಿತ್ರವನ್ನು ಮದರಾಸಿನ ಬೇರೆ ನಿರ್ದೇಶಕರ ಕೈಗೆ ಕೊಟ್ಟು, ಎರಡು ಹೊಡೆದಾಟ ಒಂದು ಕ್ಲಬ್ ಡ್ಯಾನ್ಸು ಸೇರಿಸಿ ಮುಗಿಸುವುದು. ನಿರ್ದೇಶಕರು ತಲೆಯಾಡಿಸಿದರು. ಆಮೇಲೆ ನಾವಿಬ್ಬರೇ ಉಳಿದಾಗ ಅವರು ಖಾಲಿ ಪರದೆಯ ಕಡೆಗೇ ನೋಡುತ್ತ, ಈವರೆಗೆ ತೆಗೆದ ಆ ಏಳು ರೀಲು ಬಿಟ್ಟರೆ ತಮ್ಮ ಹೆಸರಿನಲ್ಲಿ ಇನ್ನೇನೂ ಇಲ್ಲ ಎಂದರು. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ.

ಕೈಯಲ್ಲಿ ಇದ್ದದ್ದು ಸ್ವಲ್ಪ. ಕಚ್ಚಾ ಫಿಲ್ಮು ಆಗ ಕೇಳಿದಷ್ಟು ಸಿಗುತ್ತಿರಲಿಲ್ಲ. ಸರ್ಕಾರದ ಕೋಟಾದಲ್ಲಿ ಬಂದದ್ದರಲ್ಲಿ ಒಂದು ದಿನದ ಚಿತ್ರೀಕರಣಕ್ಕೆ ಸಾಲುವಷ್ಟು ಉಳಿದಿತ್ತು. ಬ್ಯಾಂಕಿನಂತೆ ಸಿಂಗರಿಸಿದ್ದ ಗುಬ್ಬಿಯ ಹಳೆಯ ಕಟ್ಟಡವನ್ನು ಬಿಟ್ಟುಕೊಟ್ಟಾಗಿತ್ತು. ಅಂದರೆ ತೆಗೆದದ್ದನ್ನೇ ಹಿಂದೆ ಮುಂದೆ ಮಾಡಿ ಜೋಡಿಸಬೇಕು.

ಮೊದಲು ನನಗೆ ಹೊಳೆದದ್ದು ಸುಲಭದ ದಾರಿ. ವಿವರಣೆಯ ರೀಲನ್ನೇ ತೆಗೆದುಬಿಡುವುದು. ಹೇಳದೆ ಮಾಡಿ ತೋರಿಸಿದರೆ ಕುತೂಹಲ ಉಳಿಯುತ್ತದಲ್ಲ. ಕಾಗದದ ಮೇಲೆ ಅದು ಸರಿಯಾಗಿಯೇ ಕಂಡಿತು. ಪರೀಕ್ಷಿಸಲು ಬೇರೆ ಉಪಾಯವಿರಲಿಲ್ಲ, ಬಾಯಲ್ಲಿ ಹೇಳಿ ನೋಡಬೇಕು. ನಾನು ಕ್ಯಾತ್ಸಂದ್ರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯ ಅಜ್ಜಿ, ಎದುರು ಮನೆಯ ಸೊಸೆ ಅಕ್ಕಿ ಆರಿಸಲು ಅಲ್ಲಿಗೇ ಬರುತ್ತಿದ್ದರು. ನಾನು ಅವರ ನಡುವೆ ಕುಳಿತು ಹೆಚ್ಚು ಮಾತಾಡಿದವಳಲ್ಲ. ಕಥೆ ಹೇಳುತ್ತೇನೆ ಎಂದಾಗ ಚಿಕ್ಕಮ್ಮ ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ವಿವರಣೆ ಬಿಟ್ಟು ಹೇಳಿದೆ. ಮಾಡು ಹತ್ತಿದವರು ಯಾರು, ಒಳಗಿಳಿದವನು ಬಾಗಿಲ ಮುಂದೆ ಸುಮ್ಮನೆ ಯಾಕೆ ನಿಂತಿದ್ದಾನೆ, ಬೀಗದ ಕೈ ಇದ್ದೂ ಯಾಕೆ ತೆಗೆಯುತ್ತಿಲ್ಲ ಎಂದು ಹೆಜ್ಜೆಗೊಂದು ಪ್ರಶ್ನೆ ಬಂತು. ಉತ್ತರ ಹೇಳುತ್ತ ಹೋದಾಗ ಅದೇ ವಿವರಣೆಯ ರೀಲು ತುಂಡು ತುಂಡಾಗಿ ವಾಪಸು ಬಂತು. ಅವರಿಗೆ ಕುತೂಹಲ ಹುಟ್ಟಿರಲಿಲ್ಲ, ಗೊಂದಲ ಹುಟ್ಟಿತ್ತು. ಎದುರು ಮನೆಯ ಸೊಸೆ ನಡುವೆಯೇ ಎದ್ದು ಹೋದಳು.

ಮಾರನೆಯ ದಿನ ಎಲ್ಲವನ್ನೂ ಮೊದಲೇ ವಿವರಿಸಿ, ಆಮೇಲೆ ಕಳ್ಳತನ ಹೇಳಿದೆ. ಎರಡು ಬೀಗದ ಕೈಯ ವಿಷಯ ಬಂದಾಗ ಮೂವರೂ ಗಮನವಿಟ್ಟು ಕೇಳಿದರು. ಕಳ್ಳತನ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕಿಯ ಕಲ್ಲು ಆರಿಸುವ ಕೈಗಳು ಚುರುಕಾದವು. ಕೇಳುವವರ ಕೈ ನಿಂತರೆ ಕಥೆ ನಡೆಯುತ್ತಿದೆ, ಕೈ ಓಡಿದರೆ ಕಥೆ ನಿಂತಿದೆ ಎಂಬುದು ನನಗೆ ಆ ವಾರ ತಿಳಿಯಿತು. ಮುಗಿಸಿದಾಗ ಅಜ್ಜಿ ಕೇಳಿದರು:

"ಒಂದ್ ತಿಂಗ್ಳಿಂದ ಬ್ಯಾಂಕು ನೋಡ್ತಾವ್ರೆ ಅಂತೀಯ. ಗೋಡೆ ಅಳೆದ್ರು, ಹೆಂಚು ಎಣಿಸಿದ್ರು. ಪಕ್ಕದ್ ಮನೇಲಿ ಯಾರವ್ರೆ, ಮದ್ವೆಗ್ ಬಂದ ಹುಡ್ಗಿ ಐತಾ ಅಂತ ಒಂದ್ ಮಾತು ಕೇಳ್ನಿಲ್ವಲ್ಲೇ ನಿನ್ ಕಳ್ರು?"

"ಗಂಡಸ್ರು ಬುಡಿ," ಎಂದರು ಚಿಕ್ಕಮ್ಮ. ಇಬ್ಬರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೆ ಒಂದು ಚಪ್ಪರ ಕಣ್ಣಿಗೆ ಬಂದಿತ್ತು.

ಗುಬ್ಬಿಯಲ್ಲಿ ಬೀದಿಯ ದೃಶ್ಯಗಳನ್ನು ತೆಗೆಯುವಾಗ ನಮ್ಮ ಬ್ಯಾಂಕಿನ ಪಕ್ಕದ ಮನೆಯಲ್ಲಿ ನಿಜವಾಗಿಯೂ ಮದುವೆ ಇತ್ತು. ಮೊದಲ ದಿನ ಬೀದಿ ಖಾಲಿ. ಎರಡನೆಯ ದಿನ ಹೋಗುವಷ್ಟರಲ್ಲಿ ಬಾಳೆಕಂಬ, ತೆಂಗಿನ ಗರಿ, ಅರ್ಧ ಬೀದಿಗೆ ಬಂದ ಚಪ್ಪರ. ನಿರ್ದೇಶಕರು ತಲೆಯ ಮೇಲೆ ಕೈಹೊತ್ತರು. ನಾಯಕ ನಡೆದು ಬರುವ ಎರಡು ಶಾಟುಗಳನ್ನು ಆದರೂ ಇರಲಿ ಎಂದು ತೆಗೆದು, ಹೊಂದುವುದಿಲ್ಲವೆಂದು ಪ್ರಿಂಟ್ ಹಾಕಿಸದೆ ಬಿಟ್ಟಿದ್ದೆವು. ನೆಗೆಟಿವ್ ಮದರಾಸಿನ ಲ್ಯಾಬಿನಲ್ಲಿ ಇದ್ದೇ ಇತ್ತು.

ಆ ಸಂಜೆ ಉಳಿದದ್ದನ್ನು ಬರೆದೆ. ನಾಯಕನ ಯೋಜನೆಯನ್ನು ಪ್ರೇಕ್ಷಕರಿಗೆ ಪೂರ್ತಿ ಹೇಳಬೇಕು, ಆದರೆ ಅರ್ಧದಷ್ಟು ಉದ್ದಕ್ಕೆ ಇಳಿಸಿ. ಬೀದಿ ಖಾಲಿ ಇರುತ್ತದೆ ಎಂಬ ಮಾತು ಅವನ ಬಾಯಿಂದ ಬಂದ ಕೂಡಲೇ ಚಪ್ಪರ ತೋರಿಸಬೇಕು. ನಮ್ಮ ಕಡೆ ಬಾಳೆಕಂಬ ನೋಡಿದವರಿಗೆ ಮುಂದಿನದನ್ನು ಯಾರೂ ಹೇಳಬೇಕಿಲ್ಲ. ನಾಯಕ ಬೀದಿಗೆ ಬರುತ್ತಾನೆ. ಮದುವೆ ಮನೆಯ ಹಿರಿಯರು, ನಮ್ಮ ಬಾಗಿಲಲ್ಲಿ ಕೆಲಸ ಮಾಡುವವರು ಉಪವಾಸ ಇರಬಾರದು ಎಂದು ಅವನನ್ನು ಕೈಹಿಡಿದು ಊಟಕ್ಕೆ ಕೂರಿಸುತ್ತಾರೆ. ಒಲ್ಲೆನೆಂದರೆ ಎಲ್ಲರ ಕಣ್ಣು ಅವನ ಮೇಲೆ. ಕುಳಿತರೆ ಪಂಕ್ತಿ ಮುಗಿಯುವವರೆಗೆ ಏಳುವಂತಿಲ್ಲ. ಒಂದು ಬೀಗದ ಕೈ ಭದ್ರಕೋಣೆಯ ಬಾಗಿಲಲ್ಲಿ ಕಾಯುತ್ತಿದೆ, ಇನ್ನೊಂದು ಕೈ ಬಾಳೆಲೆಯ ಮುಂದೆ ಕುಳಿತಿದೆ. ಹಳೆಯ ಚಿತ್ರಕಥೆಯಲ್ಲಿ ಹೊತ್ತು ತೋರಿಸಲು ಕೈಗಡಿಯಾರದ ಶಾಟು ಮೇಲಿಂದ ಮೇಲೆ ಬರುತ್ತಿತ್ತು. ಅದನ್ನು ತೆಗೆದುಹಾಕಿದೆ. ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಸಾರು, ಪಾಯಸ, ಮಜ್ಜಿಗೆ. ಊಟ ಎಲ್ಲಿಯವರೆಗೆ ಬಂತು, ಇನ್ನೆಷ್ಟು ಉಳಿದಿದೆ ಎಂದು ಎಲೆ ನೋಡಿದರೆ ಎಲ್ಲರಿಗೂ ಗೊತ್ತು.

ನಿರ್ದೇಶಕರು ತಾವು ಇಳಿದುಕೊಂಡಿದ್ದ ತುಮಕೂರಿನ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಕುಳಿತು ಅದನ್ನು ಓದಿದರು. ಎರಡು ಸಲ ಓದಿದರು. ಅವರಿಗೆ ವಿವರಣೆಯ ರೀಲನ್ನು ಕತ್ತರಿಸುವುದು ಇಷ್ಟವಿರಲಿಲ್ಲ.

"ನೋಡಮ್ಮ, ಪೌರಾಣಿಕ ನಾಟಕದಲ್ಲಿ ಕೊನೇಗೆ ಯಾರು ಸಾಯ್ತಾರೆ ಅಂತ ಊರಿಗೇ ಗೊತ್ತು. ಗೊತ್ತಿದ್ದೂ ಟಿಕೆಟ್ ತಗೊಂಡ್ ಬಂದು ಬೆಳಗಾನ ಕೂತ್ಕೋತಾರೆ. ಮೊದ್ಲೇ ಹೇಳಿದ್ರೆ ಕೆಟ್ಟೋಗುತ್ತೆ ಅನ್ನೋದು ಸುಳ್ಳು."

"ಊರಿಗೆ ಗೊತ್ತು ಸಾರ್. ಸಾಯೋನಿಗೆ ಗೊತ್ತಿರಲ್ಲ."

ಅವರು ಲೋಟ ಕೆಳಗಿಟ್ಟರು. ಅವರನ್ನು ಎದುರಿಸಿ ಮಾತಾಡಿದ್ದು ಅದೇ ಮೊದಲು. ಮುಖ ಬಿಸಿಯಾಯಿತು. ನಮ್ಮ ಚಿತ್ರದಲ್ಲಿ ಕಳ್ಳನಿಗೆ ಎಷ್ಟು ಗೊತ್ತೋ ಪ್ರೇಕ್ಷಕನಿಗೂ ಅಷ್ಟೇ ಗೊತ್ತು, ಅದಕ್ಕೇ ಇಬ್ಬರಿಗೂ ಕೆಲಸವಿಲ್ಲ ಎಂದು ಉಳಿದದ್ದನ್ನು ಮೆಲ್ಲಗೆ ಹೇಳಿ ಮುಗಿಸಿದೆ. ಅವರು ಹಾಳೆಗಳನ್ನು ಇನ್ನೊಮ್ಮೆ ತಿರುವಿ ಹಾಕಿದರು. ಕೊನೆಗೆ, ಉಳಿದ ಫಿಲ್ಮನ್ನು ಊಟದ ಮೇಲೆ ಹಾಕುವುದೆಂದು ಅವರೇ ತೀರ್ಮಾನಿಸಿದರು. ಅದು ದೊಡ್ಡ ತೀರ್ಮಾನ. ಕೆಟ್ಟರೆ ಮತ್ತೆ ತೆಗೆಯಲು ಒಂದು ಅಡಿಯೂ ಇರುತ್ತಿರಲಿಲ್ಲ.

ಯಜಮಾನರಿಗೆ ಕಥೆಯ ಬದಲಾವಣೆ ಎಷ್ಟು ಅರ್ಥವಾಯಿತೋ ತಿಳಿಯದು, ಊಟ ಹಾಕಿಸುವುದು ಮಾತ್ರ ತಕ್ಷಣ ಅರ್ಥವಾಯಿತು. ಗುಬ್ಬಿಯಲ್ಲಿ ತಮ್ಮ ಮಂಡಿಯ ಗೋದಾಮಿನ ಒಂದು ಭಾಗ ಖಾಲಿ ಮಾಡಿಸಿ, ತೋರಣ ಕಟ್ಟಿಸಿ, ಅಡಿಗೆಯವರನ್ನು ಕರೆಸಿದರು. ಮಂಡಿಯ ಕೆಲಸದವರು, ಅವರ ಮನೆಯವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು. ಚಾಪೆಯ ಸಾಲು, ಎಲೆಯ ಸಾಲು ಎಲ್ಲ ಸಿದ್ಧವಾಯಿತು. ದೀಪ ಹೊಂದಿಸುವುದು ಮಾತ್ರ ತಡವಾಯಿತು. ಬಡಿಸುವವರಿಗೆ ನಮ್ಮ ದೀಪದ ಗೊಡವೆ ಇರಲಿಲ್ಲ. ಎಲೆ ಹಾಕಿದ್ದಾರೆ, ಬಡಿಸಿದರು. ಬಡಿಸಿದ್ದಾರೆ, ಕುಳಿತವರು ಉಂಡರು. ಕ್ಯಾಮೆರಾ ತಯಾರು ಎಂದು ಕೂಗುವ ಹೊತ್ತಿಗೆ ಊಟ ಸಾರಿನವರೆಗೆ ಬಂದಿತ್ತು.

ಕೋಸಂಬರಿ ಹಾಕಿದ ಎಲೆ ಬೇಕು, ಎಲ್ಲರನ್ನೂ ಎಬ್ಬಿಸಿ ಬೇರೆ ಎಲೆ ಹಾಕಿ ಎಂದು ನಿರ್ದೇಶಕರು ಹೇಳಿದರು. ಯಜಮಾನರು ಅಡ್ಡ ಬಂದು ನಿಂತರು.

"ಎಲೆ ಮುಂದೆ ಕೂತೋರ್ನ ನಾನು ಎಬ್ಬಿಸಾಕಿಲ್ಲ. ನಿಮ್ ಸಿನಿಮಾ ಆಮೇಲೆ."

ನಮ್ಮ ಕಳ್ಳನನ್ನು ಕಟ್ಟಿಹಾಕಲು ನಾವು ನೆಚ್ಚಿಕೊಂಡಿದ್ದ ಪದ್ಧತಿ ನಮ್ಮನ್ನೇ ಕಟ್ಟಿಹಾಕಿತು. ಛಾಯಾಗ್ರಾಹಕರು ಒಂದು ಮೂಟೆಯ ಮೇಲೆ ಕುಳಿತು ನಗತೊಡಗಿದರು. ಮೊದಲ ಪಂಕ್ತಿ ಮಜ್ಜಿಗೆ ಮುಗಿಸಿ, ಕೈತೊಳೆದು, ಎಲೆ ಅಡಿಕೆ ಹಾಕಿಕೊಳ್ಳುವವರೆಗೆ ನಾವೆಲ್ಲ ಕಾದೆವು. ಆ ಬಿಡುವಿನಲ್ಲಿ ನಾನು ಶಾಟುಗಳ ಕ್ರಮವನ್ನು ತಿದ್ದಿ ಬರೆದೆ. ಸಾಮಾನ್ಯವಾಗಿ ದೂರದ ಶಾಟುಗಳನ್ನೆಲ್ಲ ಒಟ್ಟಿಗೆ ತೆಗೆದು, ಆಮೇಲೆ ಹತ್ತಿರದವಕ್ಕೆ ಹೋಗುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಎಲೆಯ ಮೇಲಿನ ಅನ್ನ ಒಂದು ಶಾಟಿನಲ್ಲಿ ಕಡಿಮೆ, ಮುಂದಿನದರಲ್ಲಿ ಹೆಚ್ಚು ಎಂದಾಗುತ್ತದೆ. ಆದ್ದರಿಂದ ಬಡಿಸುವ ಕ್ರಮದಲ್ಲೇ ತೆಗೆಯುವುದು. ಒಂದೊಂದು ಪದಾರ್ಥ ಬಂದಾಗ ಸಾಲಿನ ಒಂದು ಶಾಟು, ನಾಯಕನ ಮುಖದ ಒಂದು ಶಾಟು. ಮರುಟೇಕ್ ಇಲ್ಲ. ಊಟ ನಿಲ್ಲುವುದಿಲ್ಲ, ಕ್ಯಾಮೆರಾವೇ ಊಟವನ್ನು ಹಿಂಬಾಲಿಸಬೇಕು.

ಎರಡನೆಯ ಪಂಕ್ತಿ ಕುಳಿತಿತು. ಹಿರಿಯರ ಪಾತ್ರಕ್ಕೆ ಗೊತ್ತುಮಾಡಿದ್ದ ನಟರು ಬಂದಿರಲಿಲ್ಲ. ಯಜಮಾನರ ದೊಡ್ಡಪ್ಪ, ನೆಂಟರ ಮದುವೆಗಳಲ್ಲೆಲ್ಲ ಮುಂದೆ ನಿಂತು ಬಡಿಸುತ್ತಿದ್ದವರು, ಬಕೆಟ್ಟು ಹಿಡಿದು ನಿಂತರು. ಅವರಿಗೆ ಸಂಭಾಷಣೆ ಹೇಳಿಕೊಡಲು ಹೋದೆ. ಬಡಿಸೋದಕ್ಕೆ ಮಾತು ಕಲಿಬೇಕೇನಮ್ಮ ಎಂದು ಕೇಳಿ ನನ್ನನ್ನು ಪಕ್ಕಕ್ಕೆ ಸರಿಸಿದರು. ನಾಯಕನ ಪಾತ್ರ ಮಾಡುತ್ತಿದ್ದವನು ಮೊದಲ ಪಂಕ್ತಿಯಲ್ಲೂ ಉಂಡಿದ್ದರಿಂದ ಅನ್ನಕ್ಕೆ ಬರುವ ಹೊತ್ತಿಗೇ ಹೊಟ್ಟೆ ತುಂಬಿ ಕಷ್ಟಪಡುತ್ತಿದ್ದ. ಅದು ಭಯದಂತೆಯೇ ಕಾಣುತ್ತಿತ್ತು. ಸಾರಿನ ನಂತರ ಅವನು ಏಳಲು ಹವಣಿಸಬೇಕೆಂದು ನಾನು ಬರೆದಿದ್ದೆ. ಅವನು ಎಡಗೈಯನ್ನು ನೆಲಕ್ಕೂರಿದ. ದೊಡ್ಡಪ್ಪ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿ, ಅವನ ಹೆಗಲು ಹಿಡಿದು ಕೂರಿಸಿದರು.

"ಕೂತ್ಕೊಳ್ಳಪ್ಪ, ಪಾಯ್ಸ ಬತ್ತಾ ಐತೆ. ನಡುವೆ ಎದ್ರೆ ಮದ್ವೆ ಮನೆಗೆ ಒಳ್ಳೇದಲ್ಲ."

ಕ್ಯಾಮೆರಾ ಓಡುತ್ತಿತ್ತು. ಮಧ್ಯಂತರ ಎಲ್ಲಿ ಬರಬೇಕೆಂದು ನಾವು ಚರ್ಚಿಸಿರಲಿಲ್ಲ, ಮತ್ತೆ ಚರ್ಚಿಸಲೂ ಇಲ್ಲ. ಹೆಗಲ ಮೇಲಿನ ಆ ಕೈಯೇ ಮಧ್ಯಂತರ.

ನಿರ್ದೇಶಕರು ಡಬ್ಬಗಳನ್ನು ಹೊತ್ತು ಮದರಾಸಿಗೆ ಹೋದರು. ಎಡಿಟರ್‌ಗೆ ಕೊಡಲು ನಾನು ಒಂದು ಟಿಪ್ಪಣಿ ಬರೆದುಕೊಟ್ಟಿದ್ದೆ. ಭದ್ರಕೋಣೆಯ ಮುಂದೆ ಕಾಯುವವನ ಶಾಟುಗಳು ನಮ್ಮಲ್ಲಿ ಸಾಲದಾಗಿದ್ದವು, ಹಳೆಯ ಚಿತ್ರಕಥೆಯಲ್ಲಿ ಅವನು ಕಾಯುವುದು ಕ್ಷಣಮಾತ್ರವಾಗಿತ್ತು. ಆದರೆ ಪ್ರತಿ ಟೇಕಿನ ಮೊದಲಿಗೂ ಕೊನೆಗೂ ಆ ನಟ ಸುಮ್ಮನೆ ನಿಂತಿರುವ ಒಂದಿಷ್ಟು ಅಡಿ ಇರುತ್ತದೆ. ಆಕ್ಷನ್ ಎನ್ನುವ ಮೊದಲು ಬೆವರೊರೆಸಿಕೊಳ್ಳುವುದು, ಕಟ್ ಎಂದರೋ ಇಲ್ಲವೋ ಎಂದು ತಿರುಗಿ ನೋಡುವುದು. ಆ ಬಿಸಾಡುವ ತುಂಡುಗಳನ್ನು ಊಟದ ನಡುನಡುವೆ ಸೇರಿಸಬೇಕೆಂದು ಬರೆದಿದ್ದೆ. ಕಟ್ ಕೇಳಲು ತಿರುಗಿದ ನೋಟ, ಪಲ್ಯ ಬಡಿಸುವ ಶಾಟಿನ ಪಕ್ಕಕ್ಕೆ ಬಂದಾಗ, ಗೆಳೆಯ ಯಾಕಿನ್ನೂ ಬರಲಿಲ್ಲ ಎಂಬ ನೋಟವಾಯಿತು.

ಅಮಾವಾಸ್ಯೆ ಕಳೆದು ಹಂಚಿಕೆದಾರರು ಬಂದರು. ಮತ್ತೆ ಅದೇ ಚಿತ್ರಮಂದಿರ. ನಾನು ಓದಬೇಕಾದ ಮಾತು ಈ ಸಲ ಅರ್ಧಕ್ಕಿಂತ ಕಡಿಮೆಯಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆ ಇರಲ್ಲ ಎಂದು ನಾಯಕನ ಮಾತನ್ನು ನಾನು ಹೇಳಿದೆ, ಚಪ್ಪರ ಬಂತು, ಅವರ ಗಂಟಲಿಂದ ಸಣ್ಣದೊಂದು ನಗು ಹೊರಟಿತು. ಕೋಸಂಬರಿಯ ಹೊತ್ತಿಗೆ ಅವರು ಮುಂದಕ್ಕೆ ಬಾಗಿದ್ದರು. ಊಟದ ರೀಲಿನಲ್ಲಿ ಕೊನೆಯ ಒಂದು ಮಾತು ಬಿಟ್ಟರೆ ನನಗೆ ಓದಲು ಏನೂ ಇರಲಿಲ್ಲವಾದ್ದರಿಂದ ಟಾರ್ಚು ಆರಿಸಿ ನಾನೂ ನೋಡಿದೆ. ಎದ್ದೇಳೋ, ಎದ್ದೇಳು ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು ಹಿಂದಿನ ಸಾಲಿಗೂ ಕೇಳಿಸಿತು. ಹೆಗಲ ಮೇಲೆ ಕೈ ಬಿತ್ತು. ದೊಡ್ಡಪ್ಪನ ಮಾತನ್ನು ನೆನಪಿನಿಂದಲೇ ಹೇಳಿದೆ. ಪರದೆ ಬೆಳ್ಳಗಾಯಿತು.

ಮುಂದೆ ಏನು ಎಂದು ಅವರು ಕೇಳಿದರು. ನಿರ್ದೇಶಕರು ವಿವರಿಸಲು ಬಾಯಿ ತೆರೆದರು. ನಾನು ಅವರಿಗಿಂತ ಮೊದಲು, ಇನ್ನೂ ಬರೆದಿಲ್ಲ ಸಾರ್ ಎಂದೆ. ಒಂದು ಲೆಕ್ಕಕ್ಕೆ ಅದು ನಿಜವೂ ಆಗಿತ್ತು. ಮೂರು ಬಗೆಯಲ್ಲಿ ಬರೆದಿದ್ದೆ, ಒಂದೂ ನಿಂತಿರಲಿಲ್ಲ.

"ಬರೀರಿ ಮತ್ತೆ. ಚಿತ್ರ ನಾನ್ ತಗೋತೀನಿ. ಈ ಡೈರೆಕ್ಟ್ರೇ ಮುಗಿಸ್ಲಿ," ಎಂದು ಅವರು ಯಜಮಾನರ ಕಡೆ ತಿರುಗಿ ಹೇಳಿದರು.

ನಿರ್ದೇಶಕರು ಕಾರಿನವರೆಗೆ ಅವರ ಜೊತೆ ಹೋದರು. ವಾಪಸು ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಹಿಮ್ಮುಖವಾಗಿ ಕುಳಿತು, ಊಟ ಮಾಡ್ಕೊಂಡ್ ಹೋಗಮ್ಮ ಎಂದರು. ಇಬ್ಬರೂ ನಕ್ಕೆವು. ಗುಬ್ಬಿಯ ಆ ಮನೆಯವರ ಚಪ್ಪರ ಈಗ ಚಿತ್ರದ ನಡುವೆ ಬಂದಿದೆ, ಅದರ ಕೆಳಗೆ ಮದುಮಗಳ ತಾಯಿಯ ಮುಖವೂ ಕಾಣುತ್ತದೆ, ಅವರನ್ನು ಕೇಳಬೇಕಲ್ಲ ಎಂದೆ. ಯಾರೂ ಕೇಳುವುದಿಲ್ಲ ಅಂಥದ್ದನ್ನೆಲ್ಲ ಎಂದು ಅವರು ಹೇಳಿದರು. ಬೇಡವೆಂದು ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಪ್ಯಾಸೆಂಜರ್ ಹತ್ತಿ ಗುಬ್ಬಿಗೆ ಹೋದೆ. ಚಪ್ಪರ ಬಿಚ್ಚಿ ಎಷ್ಟೋ ದಿನವಾಗಿತ್ತು. ಮದುಮಗಳ ತಾಯಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಂದ ವಿಷಯ ಹೇಳಿದೆ. ಅವರು ಒಳಗಿನಿಂದ ಚಾಪೆ ತಂದು ಹಾಕಿ, ಕಥೆ ಏನು ಎಂದು ಕೇಳಿದರು. ಮೊದಲಿನಿಂದ ಹೇಳಿದೆ. ಎರಡು ಬೀಗದ ಕೈ, ಹೆಂಚು, ಚಪ್ಪರ, ಪಂಕ್ತಿ. ಹೆಗಲ ಮೇಲಿನ ಕೈ ಬರುವ ಹೊತ್ತಿಗೆ ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿದ್ದರು. ಬ್ಯಾಂಕಿನ ದುಡ್ಡು ಏನಾಯಿತೆಂದು ಕೇಳಲಿಲ್ಲ.

"ಮದ್ವೆ ಸುಸೂತ್ರ ಆಯ್ತದಾ? ಪೊಲೀಸ್ನೋರು ಪಂಕ್ತಿಗೆ ನುಗ್ಗಾಕಿಲ್ಲ ತಾನೆ?"

ನಾನು ಬರೆದಿದ್ದ ಮೂರರಲ್ಲಿ ಎರಡರಲ್ಲಿ ನುಗ್ಗುತ್ತಿದ್ದರು.

"ಇಲ್ಲ," ಎಂದೆ. "ನುಗ್ಗಲ್ಲ."

ಹಾಗಾದರೆ ಹಾಕಿಕೊಳ್ಳಿ ಎಂದು ಅವರು ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು. ನಿಲ್ದಾಣಕ್ಕೆ ಬಂದು ವಾಪಸು ರೈಲಿಗೆ ಕಾಯುತ್ತ, ಕಲ್ಲುಬೆಂಚಿನ ಮೇಲೆ ಕುಳಿತು ದ್ವಿತೀಯಾರ್ಧದ ಮೊದಲ ದೃಶ್ಯ ಬರೆದೆ. ಇನ್ಸ್‌ಪೆಕ್ಟರು ಚಪ್ಪರದವರೆಗೆ ಬರುತ್ತಾನೆ. ಪಂಕ್ತಿ ಕುಳಿತಿರುವುದನ್ನು ನೋಡುತ್ತಾನೆ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮಜ್ಜಿಗೆ ಬರುವವರೆಗೆ ಹೊರಗೆ ಬಾಳೆಕಂಬದ ಪಕ್ಕದಲ್ಲಿ ನಿಲ್ಲುತ್ತಾನೆ.